ಜೆಟ್ ಸ್ಕೀ ಪಿಸ್ಟನ್ ಹೋಗಿದೆ ಅಂದರೆ ನಿಜವಾಗಿ ಏನು ಹೋಗಿದೆ?

ಹುಬ್ಬಳ್ಳಿಗೂ ನೀರಿನ ಮೇಲೆ ಬೈಕಿನ ಹಾಗೆ ಓಡಿಸುವ ಜೆಟ್ ಸ್ಕೀಗೂ ಎಲ್ಲಿಯ ಸಂಬಂಧ ಅಂತ ಯಾರಾದರೂ ಕೇಳಬಹುದು. ಸಮುದ್ರ ಇರುವುದು ಅಂಕೋಲಾದಲ್ಲಿ. ನಡುವೆ ಯಲ್ಲಾಪುರದ ಕಾಡು, ಅರಬೈಲ್ ಘಾಟ್. ಆದರೆ ಸಿಲಿಂಡರ್ ಬೋರ್ ಹೊಡೆಯುವ (ಒಳಗೋಡೆ ಕೊರೆದು ಅಗಲ ಮಾಡುವ) ಮಷಿನ್, ಹೋನಿಂಗ್ (ಆ ಗೋಡೆಯನ್ನು ಕಲ್ಲಿನಿಂದ ಉಜ್ಜಿ ಹದ ಮಾಡುವುದು), ಲೇತ್, ಬೇರಿಂಗ್ ಅಂಗಡಿ ಎಲ್ಲ ಒಂದೇ ಊರಲ್ಲಿ ಸಿಗಬೇಕು ಅಂದರೆ ಕರಾವಳಿಯವರೂ ಘಾಟ್ ಹತ್ತಿ ಬರುತ್ತಾರೆ. ಟ್ರ್ಯಾಕ್ಟರ್, ಲಾರಿ, ಪಂಪ್‌ಸೆಟ್ ಎಂಜಿನ್‌ಗಳ ನಡುವೆ ಆಗೊಂದು ಈಗೊಂದು ಜೆಟ್ ಸ್ಕೀ ಎಂಜಿನ್ನೂ ಟೇಬಲ್ ಮೇಲೆ ಬಂದು ಕೂರುತ್ತದೆ. ಗಾಡಿ ಅಲ್ಲೇ ದಂಡೆಯಲ್ಲಿ ಉಳಿದಿರುತ್ತದೆ. ಎಂಜಿನ್ ಮಾತ್ರ ಗೋಣಿಚೀಲ ಸುತ್ತಿಕೊಂಡು ಬಂದಿರುತ್ತದೆ.

ಅದರ ಜೊತೆ ಬರುವ ಮಾತು ಹೆಚ್ಚುಕಮ್ಮಿ ಒಂದೇ: "ಪಿಸ್ಟನ್ ಹೋಗಿದೆ, ಹೊಸದು ಹಾಕಿ ಕೊಡಿ."

ಹಾಕಿ ಕೊಡುವುದೇನೂ ದೊಡ್ಡ ಕೆಲಸವಲ್ಲ. ಆದರೆ ಪಿಸ್ಟನ್, ಅಂದರೆ ಸಿಲಿಂಡರ್ ಒಳಗೆ ಮೇಲೆ ಕೆಳಗೆ ಓಡಾಡುವ ಗುಂಡು ಭಾಗ, ತಾನಾಗಿ ಹಾಳಾಗುವುದು ಬಹಳ ಅಪರೂಪ. ಪೆಟ್ರೋಲ್ ಕಮ್ಮಿ ಬಂದಿರುತ್ತದೆ, ಎಣ್ಣೆ ತಲುಪಿರುವುದಿಲ್ಲ, ತಂಪು ಮಾಡುವ ನೀರಿನ ದಾರಿ ಕಟ್ಟಿರುತ್ತದೆ, ಇಲ್ಲಾ ಎಲ್ಲಿಂದಲೋ ಗಾಳಿ ಎಳೆಯುತ್ತಿರುತ್ತದೆ. ಆ ಕಾರಣ ಹಾಗೇ ಉಳಿಸಿ ಹೊಸ ಪಿಸ್ಟನ್ ಕೂರಿಸಿದರೆ ಅದೂ ಅದೇ ದಾರಿ ಹಿಡಿಯುತ್ತದೆ. ಆಗ ಸಿಲಿಂಡರ್ ಮತ್ತೊಂದು ಸೈಜ್ ದೊಡ್ಡದಾಗಿರುತ್ತದೆ, ಕಿಸೆ ಇನ್ನಷ್ಟು ಹಗುರ ಆಗಿರುತ್ತದೆ. ಹಾಗಾಗಿ ಹಾಳಾದ ಪಿಸ್ಟನ್ ಮೇಲಿನ ಗುರುತು ನೋಡಿ ಕಾರಣ ಹಿಡಿಯುವುದು ಹೇಗೆ ಅನ್ನುವುದೇ ಇಲ್ಲಿ ಮುಖ್ಯ ವಿಷಯ. ಜೋಡಿಸುವ ಕೆಲಸ ಅದರ ನಂತರ.

ಆರ್‌ಎಕ್ಸ್ 100ಕ್ಕೂ ಇದಕ್ಕೂ ಏನು ವ್ಯತ್ಯಾಸ

ಯಮಹಾ ಆರ್‌ಎಕ್ಸ್ 100 ಬಿಚ್ಚಿ ಜೋಡಿಸಿದವರಿಗೆ ಹುಬ್ಬಳ್ಳಿ-ಧಾರವಾಡದಲ್ಲಿ ಬರವಿಲ್ಲ. 1985ರಿಂದ 1996ರವರೆಗೆ ಬಂದ ಆ ಗಾಡಿಯ ಎಂಜಿನ್ 98 ಸಿಸಿ, ಬೋರ್ (ಸಿಲಿಂಡರಿನ ಒಳ ಅಗಲ) 50 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 50 ಮಿ.ಮೀ. ಅದೇ ಯಮಹಾದ ಹಳೆಯ ಸೂಪರ್‌ಜೆಟ್ ಸ್ಕೀಯಲ್ಲಿರುವುದು 701 ಸಿಸಿಯ ಎರಡು ಸಿಲಿಂಡರ್ ಎಂಜಿನ್. ಬೋರ್ 81, ಸ್ಟ್ರೋಕ್ 68. ಎರಡೂ ಟೂ-ಸ್ಟ್ರೋಕ್, ಅಂದರೆ ಎಂಜಿನ್ನಿನ ಪ್ರತಿ ಸುತ್ತಿಗೂ ಒಂದು ಸಲ ಬೆಂಕಿ. ತತ್ವ ಒಂದೇ. ಎರಡರಲ್ಲೂ ಪೆಟ್ರೋಲ್ ಜೊತೆ ಬರುವ ಎಣ್ಣೆಯೇ ಬೇರಿಂಗಿಗೂ ಪಿಸ್ಟನ್ನಿಗೂ ಆಧಾರ. ಕೆಳಗೆ ಬೇರೆ ಆಯಿಲ್ ಚೇಂಬರ್ ಇಲ್ಲ.

ವ್ಯತ್ಯಾಸ ಇರುವುದು ದುಡಿಮೆಯಲ್ಲಿ. ಬೈಕ್ ಓಡಿಸುವಾಗ ಸಿಗ್ನಲ್ ಬರುತ್ತದೆ, ಇಳಿಜಾರು ಬರುತ್ತದೆ, ಎಂಜಿನ್ನಿಗೆ ಉಸಿರಾಡಲು ಬಿಡುವು ಸಿಗುತ್ತದೆ. ನೀರಿನಲ್ಲಿ ಆ ಬಿಡುವು ಇಲ್ಲ. ಗಾಡಿಯನ್ನು ಮುಂದೆ ಒಯ್ಯುವ ಜೆಟ್ ಪಂಪ್ ಸದಾ ನೀರು ತಳ್ಳುತ್ತಲೇ ಇರಬೇಕು. ಬೀಚಿನಲ್ಲಿ ರೌಂಡ್ ಲೆಕ್ಕದಲ್ಲಿ ಓಡಿಸುವ ಗಾಡಿ ಆದರೆ ಕೇಳಲೇಬೇಡಿ, ಕೂತ ತಕ್ಷಣ ಫುಲ್ ಥ್ರಾಟಲ್. 6000 ಆರ್‌ಪಿಎಂ ಅಂದರೆ ಪ್ರತಿ ಸಿಲಿಂಡರ್‌ನಲ್ಲಿ ಸೆಕೆಂಡಿಗೆ 100 ಸಲ ಬೆಂಕಿ. ಅಲೆ ಮೇಲೆ ಹಾರಿದಾಗ ಪಂಪ್ ನೀರಿನಿಂದ ಹೊರಗೆ ಬರುತ್ತದೆ. ಆಗ ಲೋಡ್ ಇಲ್ಲದೆ ಎಂಜಿನ್ ಕಿರುಚುತ್ತದೆ.

ಇನ್ನೊಂದು ವ್ಯತ್ಯಾಸ ತಂಪಿನದು. ಈ ಎಂಜಿನ್‌ಗೆ ರೇಡಿಯೇಟರ್ ಇಲ್ಲ, ಫ್ಯಾನ್ ಇಲ್ಲ. ಜೆಟ್ ಪಂಪ್ ಒತ್ತುವ ನೀರಿನಲ್ಲೇ ಸ್ವಲ್ಪ ಪೈಪ್ ಮೂಲಕ ಎಂಜಿನ್ ಸುತ್ತ ಹರಿದು, ಪಕ್ಕದ ಸಣ್ಣ ತೂತಿನಿಂದ ಧಾರೆಯಾಗಿ ಹೊರಗೆ ಚಿಮ್ಮುತ್ತದೆ. ಅಂದರೆ ಗಾಡಿ ತೇಲುತ್ತಿರುವ ನೀರೇ ಕೂಲಂಟ್. ಅದರಲ್ಲಿ ಮರಳಿದ್ದರೆ ಮರಳೂ ಒಳಗೆ, ಉಪ್ಪಿದ್ದರೆ ಉಪ್ಪೂ ಒಳಗೆ. ಪಕ್ಕದ ಆ ಧಾರೆ ಸಣ್ಣಗಾದರೆ ಮೊದಲ ಎಚ್ಚರಿಕೆ ಅದೇ.

ಈಗಿನ ಸ್ಕೀಗಳು ಬಹುಪಾಲು ಫೋರ್-ಸ್ಟ್ರೋಕ್. ಸೂಪರ್‌ಜೆಟ್ ಕೂಡ 2021ರಿಂದ 1049 ಸಿಸಿಯ ಮೂರು ಸಿಲಿಂಡರ್ ಫೋರ್-ಸ್ಟ್ರೋಕ್ ಆಗಿದೆ. ಅವುಗಳ ಕಥೆ ಬೇರೆ. ಅಲ್ಲಿ ವಾಲ್ವ್ ಇದೆ, ಆಯಿಲ್ ಇದೆ, ಸೆನ್ಸರ್ ಇದೆ. ಎಂಜಿನ್ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ನುಗ್ಗಿದೆ ಅಂತ ಅರ್ಥ. ಸಿಲಿಂಡರ್ ತುಂಬ ನೀರಿದ್ದಾಗ ಸ್ಟಾರ್ಟರ್ ಒತ್ತಿದರೆ ಕನೆಕ್ಟಿಂಗ್ ರಾಡ್ ಬಾಗಬಹುದು. ಅಂಥದ್ದನ್ನು ಕಂಪನಿ ಮ್ಯಾನ್ಯುಯಲ್ ಇಲ್ಲದೆ ಮುಟ್ಟದಿರುವುದೇ ವಾಸಿ. ಮುಂದಿನದೆಲ್ಲ ಟೂ-ಸ್ಟ್ರೋಕ್ ಬಗ್ಗೆ.

ಬಿಚ್ಚುವ ಮೊದಲು

ಮೊದಲು ಸ್ಪಾನರ್ ಬದಿಗಿಟ್ಟು ಪ್ರಶ್ನೆ ಕೇಳಬೇಕು. ಓಡುತ್ತಾ ಓಡುತ್ತಾ ನಿಂತಿತಾ, ಇಲ್ಲಾ ನಿಲ್ಲಿಸಿದ್ದು ಮತ್ತೆ ಸ್ಟಾರ್ಟ್ ಆಗಲಿಲ್ವಾ? ನಿಲ್ಲುವ ಮೊದಲು ಪಿಕಪ್ ಕಮ್ಮಿಯಾಗಿತ್ತಾ? ಮಗುಚಿತ್ತಾ? ಪೆಟ್ರೋಲ್ ಯಾವಾಗಿನದು? ಎಣ್ಣೆ ಬೆರೆಸಿದ್ದು ಯಾರು? ಕೊನೆಯ ಪ್ರಶ್ನೆಗೆ "ಹುಡುಗ ಬೆರೆಸಿರ್ತಾನೆ" ಅನ್ನುವ ಉತ್ತರ ಬಂದರೆ ಅರ್ಧ ರೋಗ ಅಲ್ಲೇ ಸಿಕ್ಕಿದ ಹಾಗೆ.

ಆಮೇಲೆ ಪ್ಲಗ್ ಎರಡನ್ನೂ ತೆಗೆದು ಕೈಯಿಂದ ಎಂಜಿನ್ ತಿರುಗಿಸಿ ನೋಡಬೇಕು. ಪೂರ್ತಿ ಹಿಡಿದಿದೆಯಾ, ಒಂದು ಕಡೆ ಬಿಗಿಯಾ, ಕರಕರ ಅನ್ನುತ್ತದಾ? ಹಿಡಿದಿದ್ದರೆ ಸ್ಟಾರ್ಟರ್‌ನಿಂದ ಜಗ್ಗಾಡಬಾರದು. ಪ್ಲಗ್ ತುದಿಯನ್ನು ಭೂತಗನ್ನಡಿಯಲ್ಲಿ ನೋಡಿ. ಬಿಳಿ ಪಿಂಗಾಣಿ ಮೇಲೆ ಬೆಳ್ಳಿ ಬಣ್ಣದ ಸಣ್ಣ ಸಣ್ಣ ಕಾಳು ಅಂಟಿದ್ದರೆ ಅದು ಕರಗಿದ ಪಿಸ್ಟನ್ನಿನ ಅಲ್ಯುಮಿನಿಯಂ. ಇನ್ನು ಬಿಚ್ಚಲೇಬೇಕು. ಪ್ಲಗ್ ಮೇಲೆ ತುಕ್ಕಿದ್ದರೆ ನೀರು ಹೊಕ್ಕಿದೆ.

ಎಂಜಿನ್ ತಿರುಗುತ್ತದೆ ಅಂದರೆ ಕಂಪ್ರೆಷನ್ ನೋಡಬೇಕು. ಎಂಜಿನ್ ಇಳಿಸುವ ಮೊದಲೇ, ಗಾಡಿಯಲ್ಲೇ ಮಾಡಿದರೆ ಸುಲಭ. ಬ್ಯಾಟರಿ ಫುಲ್ ಚಾರ್ಜ್ ಇರಲಿ. ಪ್ಲಗ್ ವೈರ್ ಎರಡನ್ನೂ ಅರ್ತ್‌ಗೆ ಸಿಗಿಸಿ. ಇಲ್ಲದಿದ್ದರೆ ಇಗ್ನಿಷನ್ ಯೂನಿಟ್ ಹೋಗಬಹುದು. ಅದಕ್ಕಿಂತ ದೊಡ್ಡ ಅಪಾಯವೂ ಇದೆ: ಗಾಡಿಯ ಹೊಟ್ಟೆಯೊಳಗೆ ಪೆಟ್ರೋಲ್ ಆವಿ ತುಂಬಿದ್ದಾಗ ಒಂದು ಕಿಡಿ ಹಾರಿದರೆ ಸಾಕು. ಮುಚ್ಚಳ ತೆಗೆದು ಗಾಳಿ ಆಡಲು ಬಿಟ್ಟು ಆಮೇಲೆ ಕೆಲಸ ಶುರು ಮಾಡಿ. ಥ್ರಾಟಲ್ ಪೂರ್ತಿ ತೆರೆದು, ಗೇಜಿನ ಮುಳ್ಳು ಏರುವುದು ನಿಲ್ಲುವವರೆಗೆ ಕ್ರ್ಯಾಂಕ್ ಮಾಡಿ. ಎರಡು ಸಿಲಿಂಡರ್ ನಡುವೆ ಶೇ. 10ಕ್ಕಿಂತ ಜಾಸ್ತಿ ವ್ಯತ್ಯಾಸ ಬಂದರೆ ಕಮ್ಮಿ ಇರುವ ಕಡೆ ಏನೋ ಆಗಿದೆ. ಅದಕ್ಕೆ ಒಂದು ಚಮಚ ಎಣ್ಣೆ ಬಿಟ್ಟು ಮತ್ತೆ ನೋಡಿ. ಮುಳ್ಳು ಚೆನ್ನಾಗಿ ಏರಿದರೆ ರಿಂಗ್ (ಪಿಸ್ಟನ್ ಸುತ್ತಲಿನ ಸೀಲ್ ಉಂಗುರ) ಅಥವಾ ಸಿಲಿಂಡರ್ ಸವೆದಿದೆ. ಏರದಿದ್ದರೆ ಪಿಸ್ಟನ್ ತೂತಾಗಿರಬಹುದು, ಇಲ್ಲಾ ಹೆಡ್ (ಸಿಲಿಂಡರ್ ಮೇಲಿನ ಮುಚ್ಚಳ) ಕೆಳಗಿನ ಪ್ಯಾಕಿಂಗ್ ಹೋಗಿರಬಹುದು.

ಇಲ್ಲಿ ನಮ್ಮೂರಿನ ಒಂದು ಲೆಕ್ಕ ಸೇರಿಸಬೇಕು. ಹುಬ್ಬಳ್ಳಿ ಸಮುದ್ರ ಮಟ್ಟಕ್ಕಿಂತ ಸುಮಾರು 650 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡವೇ ಶೇ. 7ರಷ್ಟು ಕಮ್ಮಿ. ಹಾಗಾಗಿ ಅಂಕೋಲಾದಲ್ಲಿ 150 ಪಿಎಸ್‌ಐ ತೋರಿಸುವ ಒಳ್ಳೆಯ ಎಂಜಿನ್ ಇಲ್ಲಿ 140ರ ಆಸುಪಾಸು ತೋರಿಸುತ್ತದೆ. ಪುಸ್ತಕದಲ್ಲಿ ಬರೆದ ಅಂಕಿಗಿಂತ ಹತ್ತು ಕಮ್ಮಿ ಬಂತು ಅಂತ ಸುಮ್ನೆ ಗಾಬರಿಯಾಗಿ ಬಿಚ್ಚಬೇಡಿ. ಎರಡೂ ಸಿಲಿಂಡರ್ ಸಮ ಇವೆಯಾ ಅನ್ನುವುದೇ ದೊಡ್ಡ ಸಂಗತಿ.

ಎಂಜಿನ್ ಹಿಡಿದಿರದಿದ್ದರೆ ಇನ್ನೊಂದು ಪರೀಕ್ಷೆಯನ್ನು ಬಿಚ್ಚುವ ಮೊದಲೇ ಮಾಡಬೇಕು. ಬಹಳ ಜನ ಬಿಡುವುದು ಇದನ್ನೇ. ಟೂ-ಸ್ಟ್ರೋಕ್‌ನಲ್ಲಿ ಕ್ರ್ಯಾಂಕ್‌ಕೇಸ್ (ಸಿಲಿಂಡರ್ ಕೆಳಗಿನ, ಕ್ರ್ಯಾಂಕ್ ತಿರುಗುವ ಡಬ್ಬಿ) ಪೂರ್ತಿ ಸೀಲ್ ಆಗಿರಬೇಕು. ಎಲ್ಲಾದರೂ ಗಾಳಿ ಒಳಗೆ ಬಂದರೆ ಪೆಟ್ರೋಲ್ ಪಾಲು ಕಮ್ಮಿಯಾಗಿ ಎಂಜಿನ್ ಲೀನ್ ಆಗುತ್ತದೆ, ಬಿಸಿ ಏರುತ್ತದೆ. ಕಾರ್ಬೋರೇಟರ್ ಕಡೆ ಮತ್ತು ಸೈಲೆನ್ಸರ್ ಕಡೆ ರಬ್ಬರ್ ಶೀಟ್ ಇಟ್ಟು ಪ್ಲೇಟಿನಿಂದ ಮುಚ್ಚಿ, ಕೈಪಂಪಿನಿಂದ 6ರಿಂದ 8 ಪಿಎಸ್‌ಐ ಗಾಳಿ ತುಂಬಿ. ನಿಮಿಷಕ್ಕೆ ಒಂದು ಪಿಎಸ್‌ಐಗಿಂತ ಜಾಸ್ತಿ ಇಳಿಯಬಾರದು. ಇಳಿದರೆ ಸೋಪಿನ ನೀರು ಹಚ್ಚಿ. ಕ್ರ್ಯಾಂಕ್ ಸೀಲ್ ಹತ್ತಿರವೋ ಪ್ಯಾಕಿಂಗ್ ಅಂಚಿನಲ್ಲೋ ಗುಳ್ಳೆ ಏಳುತ್ತದೆ. ಎಂಜಿನ್ ಬಿಚ್ಚಿ ಹರಡಿದ ಮೇಲೆ ಈ ಗುಳ್ಳೆ ಇನ್ನು ಯಾವತ್ತೂ ಕಾಣಿಸುವುದಿಲ್ಲ.

ಪಿಸ್ಟನ್ ಮೇಲೆ ಬರೆದಿರುವುದು

ಹೆಡ್ ತೆಗೆದು, ಸಿಲಿಂಡರ್ ಎತ್ತಿ, ಪಿಸ್ಟನ್ ಹೊರಗೆ ಬಂದ ಕೂಡಲೇ ತೊಳೆಯಬೇಡಿ. ಮಸಿ, ಬಣ್ಣ, ಗೀರು ಎಲ್ಲವೂ ಬೇಕು. ಯಾವುದು ಮುಂದಿನ ಸಿಲಿಂಡರ್‌ದು, ಯಾವುದು ಹಿಂದಿನದು ಅಂತ ಒಳಗಡೆ ಗುರುತು ಹಾಕಿ, ಬೆಳಕಿಗೆ ಹಿಡಿಯಿರಿ.

ಸೈಲೆನ್ಸರ್ ಕಡೆಯ ಮೈ ಮೇಲೆ ಉದ್ದಕ್ಕೆ ಬೂದು ಗೀರುಗಳಿವೆ ಅಂದುಕೊಳ್ಳಿ. ಉಗುರು ಅಡ್ಡ ಎಳೆದರೆ ಸಿಕ್ಕಿಕೊಳ್ಳುತ್ತದೆ. ಗೀರು ಮೇಲಕ್ಕೆ ಹೋಗಿ ರಿಂಗ್ ಮೇಲೆ ಬಳಿದುಕೊಂಡಿದೆ. ರಿಂಗನ್ನು ಬೆರಳಿನಿಂದ ಒತ್ತಿದರೆ ಸ್ಪ್ರಿಂಗ್ ಹಾಗೆ ವಾಪಸ್ ಬರುವುದಿಲ್ಲ, ಸತ್ತ ಹಾಗೆ ಕೂತಿದೆ. ಎದುರು ಕಡೆ, ಅಂದರೆ ಕಾರ್ಬೋರೇಟರ್ ಕಡೆ, ಮೈ ಇನ್ನೂ ಹೊಸದರ ಹಾಗೆ ಇದೆ. ಇದು ಬಿಸಿಯ ಗುರುತು. ಉರಿದ ಗ್ಯಾಸ್ ಹೊರಗೆ ಹೋಗುವ ಬದಿ ಅದು, ಯಾವಾಗಲೂ ಎಲ್ಲಕ್ಕಿಂತ ಬಿಸಿ. ಮಿಶ್ರಣ ಲೀನ್ ಆದಾಗ, ಎಣ್ಣೆ ಸಾಲದಾದಾಗ, ನೀರು ಕಟ್ಟಿದಾಗ ಎಣ್ಣೆಯ ಪದರ ಮೊದಲು ಒಡೆಯುವುದು ಅಲ್ಲಿಯೇ.

ಗೀರು ಒಂದು ಕಡೆ ಇರದೆ, ಗಜನ್ ಪಿನ್ನಿನ (ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಸೇರಿಸುವ ಪಿನ್) ಎರಡೂ ಪಕ್ಕದಲ್ಲಿ ನಾಲ್ಕು ಮೂಲೆಗಳಲ್ಲಿ ಪಟ್ಟಿಯ ಹಾಗೆ ಇದ್ದರೆ ಕಥೆ ಬೇರೆ. ಪಿನ್ ಕೂರುವ ಜಾಗದಲ್ಲಿ ಪಿಸ್ಟನ್ ದಪ್ಪ ಇರುತ್ತದೆ, ಅಲ್ಲೇ ಜಾಸ್ತಿ ಹಿಗ್ಗುತ್ತದೆ. ಲೆಕ್ಕ ಹೀಗಿದೆ. 100 ಡಿಗ್ರಿ ಬಿಸಿ ಏರಿದರೆ 81 ಮಿ.ಮೀ. ಅಗಲದ ಪಿಸ್ಟನ್ ಸುಮಾರು 0.16 ಮಿ.ಮೀ. ಹಿಗ್ಗುತ್ತದೆ. ಅಷ್ಟೇ ಬಿಸಿಗೆ ಬೀಡಿನ (ಎರಕದ ಕಬ್ಬಿಣದ) ಸಿಲಿಂಡರ್ ಹಿಗ್ಗುವುದು 0.09. ಅವೆರಡರ ನಡುವೆ ಬಿಟ್ಟಿರುವ ಜಾಗವೇ 0.06ರಿಂದ 0.10 ಮಿ.ಮೀ. ಈಗ ಎಂಜಿನ್ ಇನ್ನೂ ತಣ್ಣಗಿರುವಾಗ ಫುಲ್ ಥ್ರಾಟಲ್ ಕೊಟ್ಟರೆ ಪಿಸ್ಟನ್ ಕ್ಷಣದಲ್ಲಿ ಬಿಸಿಯಾಗುತ್ತದೆ. ಸಿಲಿಂಡರ್ ಸುತ್ತ ಮಾತ್ರ ತಣ್ಣೀರು ಹರಿಯುತ್ತಿರುತ್ತದೆ. ಬೆರಳು ಊದಿದಾಗ ಉಂಗುರ ಹಿಡಿದುಕೊಳ್ಳುತ್ತದಲ್ವಾ, ಹಾಗೆ. ಎಣ್ಣೆ ಸರಿಯಿದ್ದು, ಪೆಟ್ರೋಲ್ ಸರಿಯಿದ್ದು, ಎಂಜಿನ್ ಜಾಮ್ ಆಗುವುದು ಹೀಗೆಯೇ. ಇನ್ನೊಂದು ಕಾರಣ ಬೋರ್ ಬಿಗಿಯಾಗಿ ಹೊಡೆದಿರುವುದು. ಇತ್ತೀಚೆಗೆ ಬೋರ್ ಮಾಡಿಸಿದ ಎಂಜಿನ್ ನಾಲ್ಕು ಮೂಲೆ ಗುರುತು ತೋರಿಸಿದರೆ ನನ್ನ ಮೊದಲ ಅನುಮಾನ ಮಷಿನ್ ಶಾಪ್ ಮೇಲೆಯೇ.

ಕಾರ್ಬೋರೇಟರ್ ಕಡೆಯ ಮೈ ಮಾತ್ರ ಮಂಕಾಗಿ, ಸಣ್ಣ ಗೀರುಗಳಿಂದ ತುಂಬಿದ್ದರೆ ಗಾಳಿಯ ಜೊತೆ ಮರಳು, ಉಪ್ಪು ಒಳಗೆ ಹೋಗಿದೆ.

ಇನ್ನು ಪಿಸ್ಟನ್ ತಲೆ. ಆರೋಗ್ಯದ ಎಂಜಿನ್‌ನಲ್ಲಿ ನಡುವೆ ಕಂದು-ಕಪ್ಪು ಮಸಿ ಇರುತ್ತದೆ. ಹೊಸ ಮಿಶ್ರಣ ಒಳನುಗ್ಗುವ ಪೋರ್ಟ್‌ಗಳ ಎದುರು ಸ್ವಲ್ಪ ತೊಳೆದ ಹಾಗೆ ಸ್ವಚ್ಛ ಇರುತ್ತದೆ. ಸ್ವಚ್ಛ ಜಾಗ ಚೂರೂ ಇಲ್ಲದೆ ಇಡೀ ತಲೆ ಒಣಗಿದ ಬಣ್ಣದಲ್ಲಿದ್ದರೆ ಲೀನ್. ಒದ್ದೆ ಕಪ್ಪಿದ್ದರೆ ಪೆಟ್ರೋಲ್ ಜಾಸ್ತಿ. ಮಸಿಯೇ ಇಲ್ಲದೆ ಆವಿಯಲ್ಲಿ ತೊಳೆದಂತೆ ಹೊಳೆಯುತ್ತಿದ್ದರೆ ಸಿಲಿಂಡರ್‌ಗೆ ನೀರು ಸೇರುತ್ತಿದೆ. ಆಗ ಹೆಡ್ ಪ್ಯಾಕಿಂಗ್ ಮತ್ತು ಸೈಲೆನ್ಸರ್ ಕಡೆ ಹುಡುಕಬೇಕು.

ಅಂಚು ಮರಳು ಹೊಡೆದಂತೆ ಗುಳಿ ಗುಳಿಯಾಗಿದ್ದರೆ ಅದು ನಾಕಿಂಗ್ ಗುರುತು. ಮಿಶ್ರಣ ಒಂದು ಕಡೆಯಿಂದ ಉರಿಯುತ್ತಾ ಬರುವುದರ ಬದಲು ಮೂಲೆಯಲ್ಲಿ ಒಮ್ಮೆಲೇ ಸಿಡಿದಿದೆ. ಹೆಡ್ಡಿನ ಒಳಮೈಯಲ್ಲೂ ಅದೇ ಜಾಗದಲ್ಲಿ ಅದೇ ಗುಳಿ ಕಾಣುತ್ತದೆ. ರಿಂಗ್ ಕೂರುವ ಗ್ರೂವ್‌ಗಳ (ಪಿಸ್ಟನ್ ಸುತ್ತ ಕೊರೆದ ಕಾಲುವೆ) ನಡುವಿನ ಗೋಡೆ ಒಡೆಯುವುದೂ ಇದರಿಂದಲೇ ಜಾಸ್ತಿ. ತಲೆಯ ನಡುವೆ ತೂತು ಬಿದ್ದು, ತೂತಿನ ಅಂಚು ಕರಗಿ ಜಾರಿದಂತೆ ನುಣುಪಾಗಿದ್ದರೆ ಪ್ಲಗ್ ಕಿಡಿ ಬರುವ ಮೊದಲೇ ಮಿಶ್ರಣ ಹೊತ್ತಿಕೊಳ್ಳುತ್ತಿತ್ತು. ತಪ್ಪು ಹೀಟ್ ರೇಂಜಿನ ಪ್ಲಗ್, ಕೆಂಡವಾದ ಮಸಿ, ಲೀನ್ ಮಿಶ್ರಣ, ಇವುಗಳಲ್ಲಿ ಒಂದು. ಶುದ್ಧ ಅಲ್ಯುಮಿನಿಯಂ 660 ಡಿಗ್ರಿಯಲ್ಲಿ ಕರಗುತ್ತದೆ, ಸಿಲಿಕಾನ್ ಬೆರೆತ ಪಿಸ್ಟನ್ ಲೋಹ ಅದಕ್ಕೂ ಮೊದಲೇ. ಸಿಲಿಂಡರ್‌ನೊಳಗಿನ ಬೆಂಕಿ ಇದಕ್ಕಿಂತ ಎಷ್ಟೋ ಪಟ್ಟು ಬಿಸಿ. ಪಿಸ್ಟನ್ ಉಳಿದುಕೊಂಡಿರುವುದು ಆ ಬಿಸಿ ರಿಂಗ್ ಮೂಲಕ ಸಿಲಿಂಡರ್ ಗೋಡೆಗೆ, ಅಲ್ಲಿಂದ ನೀರಿಗೆ ಹರಿದು ಹೋಗುತ್ತಿರುವುದರಿಂದ ಮಾತ್ರ.

ಒಂದೇ ಸಿಲಿಂಡರ್ ಹೋಗಿದೆಯಾ, ಎರಡೂ ಹೋಗಿವೆಯಾ?

ಈ ಪ್ರಶ್ನೆ ಹುಡುಕಾಟವನ್ನು ಅರ್ಧ ಮಾಡುತ್ತದೆ. ಎರಡೂ ಪಿಸ್ಟನ್ ಒಂದೇ ಥರ ಹಾಳಾಗಿದ್ದರೆ ಕಾರಣ ಎರಡಕ್ಕೂ ಸೇರಿದ್ದು: ಟ್ಯಾಂಕಿನ ಪೆಟ್ರೋಲ್, ಬೆರೆಸಿದ ಎಣ್ಣೆ, ಮುಖ್ಯ ಫಿಲ್ಟರ್, ನೀರಿನ ಮುಖ್ಯ ಪೈಪ್. ಒಂದು ಮಾತ್ರ ಹೋಗಿ ಇನ್ನೊಂದು ಚೆನ್ನಾಗಿದ್ದರೆ ಆ ಸಿಲಿಂಡರ್‌ನದ್ದೇ ತಕರಾರು. ಎರಡು ಕಾರ್ಬೋರೇಟರ್ ಇದ್ದರೆ ಅದರ ಜೆಟ್ ಕಟ್ಟಿರಬಹುದು. ಎಣ್ಣೆ ಪಂಪ್ ಇರುವ ಮಾಡೆಲ್ ಆದರೆ ಆ ಕಡೆಯ ಸಣ್ಣ ಎಣ್ಣೆ ಪೈಪ್ ಕಳಚಿರಬಹುದು. ಆ ಬದಿಯ ಕ್ರ್ಯಾಂಕ್ ಸೀಲ್ ಸೋರಿರಬಹುದು. ಸಿಲಿಂಡರ್ ಸುತ್ತಲಿನ ನೀರಿನ ದಾರಿಯಲ್ಲಿ ಮರಳು ಗಟ್ಟಿಯಾಗಿ ಕೂತಿರಬಹುದು.

ಹಿಂದಿನ ಸಿಲಿಂಡರ್ ಮಾತ್ರ ಹೋಗಿದ್ದರೆ ಡ್ರೈವ್ ಶಾಫ್ಟ್ ಕಡೆಯ ಸೀಲ್ ನೋಡಲೇಬೇಕು. ಎಂಜಿನ್ ಮತ್ತು ಪಂಪಿನ ಶಾಫ್ಟ್ ಒಂದೇ ನೇರಕ್ಕೆ ಇಲ್ಲದಿದ್ದರೆ ನಡುಕ ಬರುತ್ತದೆ, ಬೇರಿಂಗ್ ಸವೆಯುತ್ತದೆ, ಸೀಲ್ ಹರಿಯುತ್ತದೆ, ಅಲ್ಲಿಂದ ಗಾಳಿ ಬರುತ್ತದೆ, ಕೊನೆಗೆ ಪಿಸ್ಟನ್ ಕರಗುತ್ತದೆ. ಎಂಜಿನ್ ಮಾತ್ರ ಹುಬ್ಬಳ್ಳಿಗೆ ಬಂದಾಗ ಈ ಕೊಂಡಿ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಅದಕ್ಕೇ ವಾಪಸ್ ಕೂರಿಸುವಾಗ ಅಲೈನ್‌ಮೆಂಟ್ ನೋಡಿ ಅಂತ ಬಾಯಿಬಿಟ್ಟು ಹೇಳಿ ಕಳಿಸಬೇಕು.

ಪೆಟ್ರೋಲ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕಂದರೆ ಪೆಟ್ರೋಲೇ ಬದಲಾಗಿದೆ. ಶೇ. 20 ಎಥನಾಲ್ ಬೆರೆಸಿದ ಇ20 ಪೆಟ್ರೋಲ್ 2023ರ ಫೆಬ್ರವರಿಯಲ್ಲಿ ಮಾರಾಟಕ್ಕೆ ಬಂತು. ಈಗ ಬಂಕಿನಲ್ಲಿ ಸಿಗುವುದು ಹೆಚ್ಚಾಗಿ ಅದೇ. ಒಂದು ಕೆಜಿ ಮಾಮೂಲಿ ಪೆಟ್ರೋಲ್ ಉರಿಯಲು ಸುಮಾರು 14.7 ಕೆಜಿ ಗಾಳಿ ಬೇಕು. ಇ20ಕ್ಕೆ ಸುಮಾರು 13.5 ಸಾಕು. ಅಂದರೆ ಅದೇ ಗಾಳಿಗೆ ಇ20 ಜಾಸ್ತಿ ಬೇಕು. ಕಂಪ್ಯೂಟರ್ ಇರುವ ಎಂಜಿನ್ ಒಂದು ಮಟ್ಟಕ್ಕೆ ಹೊಂದಿಸಿಕೊಳ್ಳಬಹುದು. ಹಳೆಯ ಕಾರ್ಬೋರೇಟರ್‌ನ ಜೆಟ್ ತೂತು ಇದ್ದಷ್ಟೇ ಇರುತ್ತದೆ, ಹಾಗಾಗಿ ಎಂಜಿನ್ ತಾನಾಗಿ ಲೀನ್ ಆಗುತ್ತದೆ.

ಎಥನಾಲ್‌ಗೆ ಇನ್ನೊಂದು ಗುಣ ಇದೆ, ನೀರನ್ನು ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಕರಾವಳಿಯಲ್ಲಿ ಜಲಕ್ರೀಡೆ ಬಂದ್. ಟ್ಯಾಂಕಿನಲ್ಲಿ ಅರ್ಧ ಪೆಟ್ರೋಲ್ ಇಟ್ಟುಕೊಂಡು ಗಾಡಿ ಶೆಡ್ಡಿನಲ್ಲಿ ನಾಲ್ಕು ತಿಂಗಳು ನಿಲ್ಲುತ್ತದೆ. ನೀರು ಮಿತಿ ಮೀರಿದಾಗ ಎಥನಾಲ್ ಮತ್ತು ನೀರು ಸೇರಿ ಬೇರೆ ಪದರವಾಗಿ ಕೆಳಗೆ ಇಳಿಯುತ್ತವೆ. ಬೆರೆಸಿದ ಟೂ-ಟಿ ಎಣ್ಣೆ ಮೇಲಿನ ಪೆಟ್ರೋಲ್ ಪದರದಲ್ಲೇ ಉಳಿಯುತ್ತದೆ. ಪೈಪ್ ಎಳೆಯುವುದು ತಳದಿಂದ. ಸೀಸನ್ನಿನ ಮೊದಲ ದಿನ ಎಂಜಿನ್‌ಗೆ ಸಿಗುವುದು ಎಣ್ಣೆಯೇ ಇಲ್ಲದ ನೀರು-ಸ್ಪಿರಿಟ್. ಹೊಸ ಪಿಸ್ಟನ್ ಹಾಕುವ ಮೊದಲು ಟ್ಯಾಂಕ್ ಖಾಲಿ ಮಾಡಿ, ಗಾಜಿನ ಬಾಟಲಿಯಲ್ಲಿ ಹಿಡಿದು ಒಂದು ಗಂಟೆ ಇಟ್ಟು ನೋಡಿ. ಕೆಳಗೆ ಗೆರೆ ಕಂಡರೆ ಕಾರಣ ಕಣ್ಣೆದುರೇ ಇದೆ.

ಇನ್ನು ಸೆಟ್ಟಿಂಗ್. ಕಾರ್ಬೋರೇಟರ್ ಅನ್ನು ಹುಬ್ಬಳ್ಳಿಯಲ್ಲಿ ಪರ್ಫೆಕ್ಟ್ ಮಾಡಿ ಕಳಿಸಿದರೆ ಅದು ಸಮುದ್ರದಲ್ಲಿ ಲೀನ್. ಘಾಟ್ ಇಳಿದಂತೆ ಗಾಳಿ ದಟ್ಟವಾಗುತ್ತದೆ, ಪೆಟ್ರೋಲ್ ಆ ಲೆಕ್ಕಕ್ಕೆ ಏರುವುದಿಲ್ಲ. ಇ20ರ ಲೀನ್ ಮೇಲೆ ಇದೂ ಸೇರಿದರೆ ಪಿಸ್ಟನ್ ಎಷ್ಟು ದಿನ ತಡೆದೀತು? ಇಲ್ಲಿ ಶುಚಿ ಮಾಡಿ, ಡಯಾಫ್ರಾಮ್ ಬದಲಿಸಿ, ಕಂಪನಿ ಹೇಳಿದ ಮೂಲ ಸೆಟ್ಟಿಂಗ್‌ಗಿಂತ ಚೂರು ಪೆಟ್ರೋಲ್ ಜಾಸ್ತಿ ಬಿಟ್ಟು ಕಳಿಸಬೇಕು. ಕೊನೆಯ ಸೆಟ್ಟಿಂಗ್ ನೀರಿನ ಮೇಲೆಯೇ ಆಗಬೇಕು.

"ಸೇಫ್ ಇರಲಿ ಅಂತ ಎಣ್ಣೆ ಎರಡು ಪಟ್ಟು ಹಾಕಿದ್ದೆ" ಅನ್ನುವವರೂ ಇದ್ದಾರೆ. ಪೆಟ್ರೋಲ್ ಜಾಗವನ್ನು ಎಣ್ಣೆ ತಿಂದರೆ ಉರಿಯುವ ಮಿಶ್ರಣ ಇನ್ನೂ ಲೀನ್ ಆಗುತ್ತದೆ. 50ಕ್ಕೆ 1 ಅಂದರೆ ಲೀಟರ್‌ಗೆ 20 ಮಿ.ಲೀ., ಅಷ್ಟೇ. ಅದೂ ಆ ಎಂಜಿನ್‌ಗೆ ಕಂಪನಿ ಹೇಳಿದ ಗ್ರೇಡ್ ಇರಬೇಕು. ನೀರಿನಿಂದ ತಂಪಾಗುವ ಬೋಟ್ ಎಂಜಿನ್‌ಗಳಿಗೆ ಟಿಸಿ-ಡಬ್ಲ್ಯೂ3 ಅನ್ನುವ ಬೇರೆ ಗ್ರೇಡ್ ಎಣ್ಣೆ ಇದೆ. ಎಷ್ಟೋ ಸ್ಕೀಗಳು ಕೇಳುವುದು ಅದನ್ನೇ. ಬೈಕಿನ ಎಣ್ಣೆ ಮನೆಯಲ್ಲಿದೆ ಅಂತ ಸುರಿಯಬೇಡಿ.

ರಿಪೇರಿ

ಕಾರಣ ಸಿಕ್ಕಿತು. ಈಗ ಸಿಲಿಂಡರ್. ಗೋಡೆಗೆ ಬಳಿದುಕೊಂಡ ಅಲ್ಯುಮಿನಿಯಂ ನೋಡಿ ಸಿಲಿಂಡರ್ ಹೋಯಿತು ಅಂದುಕೊಳ್ಳುವವರು ಬಹಳ. ಎಷ್ಟೋ ಸಲ ಬೀಡಿನ ಮೇಲೆ ಗೀರೇ ಬಿದ್ದಿರುವುದಿಲ್ಲ, ಪಿಸ್ಟನ್ ಲೋಹ ಅಂಟಿರುತ್ತದೆ ಅಷ್ಟೇ. ಕಾಸ್ಟಿಕ್ ಸೋಡಾ ನೀರು ಅಲ್ಯುಮಿನಿಯಂ ಕರಗಿಸುತ್ತದೆ, ಬೀಡನ್ನು ಮುಟ್ಟುವುದಿಲ್ಲ. ಬಟ್ಟೆ ತುದಿಯಲ್ಲಿ ಅದ್ದಿ ಅಂಟಿದ ಜಾಗಕ್ಕೆ ಮಾತ್ರ ಹಚ್ಚಿ. ಗುಳ್ಳೆ ಬರುತ್ತದೆ, ನಿಂತ ಮೇಲೆ ಒರೆಸಿ ಮತ್ತೆ ಹಚ್ಚಿ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ, ಬಾಗಿಲು ತೆರೆದಿರಲಿ. ಹೊರಬರುವುದು ಹೈಡ್ರೋಜನ್, ಹತ್ತಿರ ಬೀಡಿ ಹಚ್ಚಬೇಡಿ. ಸಿಲಿಂಡರಿನ ಹೊರಮೈ ಅಲ್ಯುಮಿನಿಯಂ, ಅದರ ಮೇಲೆ ಚೆಲ್ಲಿದರೆ ಅದನ್ನೂ ತಿನ್ನುತ್ತದೆ. ಕೊನೆಗೆ ಚೆನ್ನಾಗಿ ತೊಳೆದು ಎಣ್ಣೆ ಹಚ್ಚಿ, ಇಲ್ಲದಿದ್ದರೆ ಬೀಡು ತುಕ್ಕು ಹಿಡಿಯುತ್ತದೆ.

ಇದೆಲ್ಲ ಬೀಡಿನ ಲೈನರ್ ಇರುವ ಸಿಲಿಂಡರ್‌ಗೆ ಮಾತ್ರ. ಕೆಲವು ಮಾಡೆಲ್‌ಗಳಲ್ಲಿ ಲೈನರ್ ಇಲ್ಲ, ಅಲ್ಯುಮಿನಿಯಂ ಮೇಲೆಯೇ ನಿಕಲ್-ಸಿಲಿಕಾನ್ ಕಾರ್ಬೈಡ್ ಲೇಪನ ಇರುತ್ತದೆ. ಅದಕ್ಕೆ ಮಾಮೂಲಿ ಬೋರಿಂಗ್ ಹೊಡೆದರೆ ಲೇಪನವೇ ಹೋಗುತ್ತದೆ. ಆಯಸ್ಕಾಂತ ಹಿಡಿದು ನೋಡಿ. ಬೀಡಿನ ಲೈನರ್ ಗಟ್ಟಿಯಾಗಿ ಹಿಡಿಯುತ್ತದೆ.

ಅಳತೆಗೆ ಬೋರ್ ಗೇಜ್ ಬೇಕು. ಮೇಲೆ, ನಡುವೆ, ಕೆಳಗೆ, ಪ್ರತಿ ಕಡೆ ಉದ್ದಕ್ಕೊಂದು ಅಡ್ಡಕ್ಕೊಂದು ಅಳತೆ. ಸಿಲಿಂಡರ್ ಗುಂಡಾಗಿದೆಯಾ, ಮೇಲೆ ಕೆಳಗೆ ಒಂದೇ ಇದೆಯಾ ಅಂತ ಆಗ ತಿಳಿಯುತ್ತದೆ. ಗೀರು ಆಳ ಇದ್ದರೆ 0.25, 0.50, 0.75, 1.00 ಮಿ.ಮೀ. ಓವರ್‌ಸೈಜ್‌ನಲ್ಲಿ ಯಾವುದು ಸಾಕೋ ಅದಕ್ಕೆ ಬೋರ್. ಇಲ್ಲಿ ಒಂದು ನಿಯಮ ಇದೆ. ಮಷಿನ್ ಶಾಪಿನವರು ಹೇಳುವ ಮಾತಲ್ಲೇ ಹೇಳುತ್ತೇನೆ: "ಪಿಸ್ಟನ್ ನೋಡ್ಲಾರ್ದ ಬೋರ್ ಹೊಡಿಯಂಗಿಲ್ರಿ." ಮೊದಲು ಪಿಸ್ಟನ್ ತರಿಸಿ, ಸ್ಕರ್ಟಿನ (ರಿಂಗ್ ಕೆಳಗಿನ ಪಿಸ್ಟನ್ ಮೈ) ಕೆಳಭಾಗದಲ್ಲಿ, ಪಿನ್ನಿಗೆ ಅಡ್ಡಲಾಗಿ ಮೈಕ್ರೋಮೀಟರ್ ಹಿಡಿದು ಅಳೆದು, ಅದಕ್ಕೆ ಗ್ಯಾಪ್ ಸೇರಿಸಿ ಬೋರ್ ಅಳತೆ ಬರೆದು ಕೊಡಬೇಕು. ಡಬ್ಬಿ ಮೇಲೆ ಬರೆದ ಸೈಜ್ ನಂಬಬೇಡಿ. ಫೋರ್ಜ್ಡ್ ಪಿಸ್ಟನ್ ಆದರೆ ಗ್ಯಾಪ್ ಇನ್ನೂ ಸ್ವಲ್ಪ ಜಾಸ್ತಿ ಬೇಕು. ಪಿಸ್ಟನ್ ತಯಾರಿಸಿದವರ ಚೀಟಿಯಲ್ಲಿ ಅದು ಇರುತ್ತದೆ.

ಟ್ರ್ಯಾಕ್ಟರ್ ಲೈನರ್ ಹೊಡೆದು ಕೈ ಪಳಗಿದವರು ಒಂದನ್ನು ಮರೆಯುತ್ತಾರೆ. ಟ್ರ್ಯಾಕ್ಟರ್ ಸಿಲಿಂಡರ್ ಗೋಡೆಯಲ್ಲಿ ಕಿಟಕಿ ಇಲ್ಲ. ಟೂ-ಸ್ಟ್ರೋಕ್‌ನಲ್ಲಿ ಸುತ್ತಲೂ ಪೋರ್ಟ್‌ಗಳಿವೆ. ಬೋರ್ ಹೊಡೆದ ಮೇಲೆ ಅವುಗಳ ಅಂಚು ಬ್ಲೇಡಿನ ಹಾಗೆ ಚೂಪಾಗಿರುತ್ತದೆ. ರಿಂಗ್ ಪ್ರತಿ ಸುತ್ತಿಗೂ ಆ ಕಿಟಕಿಯತ್ತ ಚೂರು ಉಬ್ಬಿ ಒಳಗೆ ಬರುತ್ತದೆ. ಅಂಚು ಚೂಪಿದ್ದರೆ ಒಂದು ದಿನ ಸಿಕ್ಕಿ ಮುರಿಯುತ್ತದೆ. ಸಣ್ಣ ಕಲ್ಲಿನಿಂದ ಪ್ರತಿ ಪೋರ್ಟಿನ ಮೇಲಂಚು ಕೆಳಂಚು ಇಳಿಜಾರು ಮಾಡಬೇಕು. ಆಮೇಲೆ ಒಂದು ಚೂರು ಹತ್ತಿಯನ್ನು ಅಂಚಿನ ಮೇಲೆ ಎಳೆಯಿರಿ. ಎಳೆ ಸಿಕ್ಕಿಕೊಂಡರೆ ಕೆಲಸ ಮುಗಿದಿಲ್ಲ. ಕೊನೆಗೆ ಸೋಪು ಮತ್ತು ಬಿಸಿನೀರಿನಲ್ಲಿ ಉಜ್ಜಿ ತೊಳೆಯಬೇಕು. ಪೆಟ್ರೋಲ್‌ನಲ್ಲಿ ತೊಳೆದರೆ ಹೋನಿಂಗ್ ಪುಡಿ ಗೆರೆಗಳಲ್ಲೇ ಉಳಿಯುತ್ತದೆ. ಬಿಳಿ ಬಟ್ಟೆ ಒರೆಸಿದಾಗ ಬೂದು ಬಣ್ಣ ಬರಬಾರದು.

ಕೆಳಗಿನ ಕ್ರ್ಯಾಂಕ್‌ಕೇಸ್ ನೋಡದೆ ಮೇಲೆ ಜೋಡಿಸಿದರೆ ದುಡ್ಡು ನೀರಿಗೆ. ಪಿಸ್ಟನ್ ಚೂರು, ಅಲ್ಯುಮಿನಿಯಂ ಪುಡಿ ಬೇರಿಂಗ್ ಒಳಗೆ ಕೂತಿರುತ್ತದೆ. ಪಿಸ್ಟನ್ ತೂತಾಗಿದ್ದರೆ, ಸ್ಕರ್ಟ್ ಮುರಿದಿದ್ದರೆ ಕೇಸ್ ಬಿಚ್ಚಿ ತೊಳೆಯಲೇಬೇಕು. ಕನೆಕ್ಟಿಂಗ್ ರಾಡನ್ನು ನೇರ ಮೇಲೆ ಕೆಳಗೆ ಎಳೆದು ನೋಡಿ. ಟಕ್ ಟಕ್ ಅಂತ ಆಟ ಸಿಕ್ಕರೆ ಬೇರಿಂಗ್ ಹೋಗಿದೆ. ಪಕ್ಕಕ್ಕೆ ಸ್ವಲ್ಪ ಆಡುವುದು ಸಹಜ. ಉಪ್ಪುನೀರು ಹೊಕ್ಕ ಎಂಜಿನ್ ಆದರೆ ಬೇರಿಂಗ್ ಮೇಲೆ ತುಕ್ಕಿನ ಚುಕ್ಕಿ ಇರುತ್ತದೆ. ಅದನ್ನು ತೊಳೆದು ಉಳಿಸಿಕೊಳ್ಳಲು ಆಗುವುದಿಲ್ಲ.

ಜೋಡಿಸುವಾಗ ಮೊದಲು ರಿಂಗನ್ನು ಬರಿ ಸಿಲಿಂಡರ್‌ಗೆ ಹಾಕಿ, ಪಿಸ್ಟನ್ ತಲೆಯಿಂದ ಸಮನಾಗಿ ತಳ್ಳಿ, ಬಾಯಿಯ ಗ್ಯಾಪನ್ನು ಫೀಲರ್ ಗೇಜಿನಿಂದ (ಸಂದು ಅಳೆಯುವ ತೆಳು ಪಟ್ಟಿಗಳು) ನೋಡಿ. 81 ಮಿ.ಮೀ. ಬೋರ್‌ಗೆ ಸುಮಾರು 0.3 ಮಿ.ಮೀ. ಬೇಕು. ಟೂ-ಸ್ಟ್ರೋಕ್ ಪಿಸ್ಟನ್ನಿನ ರಿಂಗ್ ಗ್ರೂವ್‌ನಲ್ಲಿ ಸಣ್ಣ ಮೊಳೆ ಇರುತ್ತದೆ. ರಿಂಗಿನ ಬಾಯಿ ಅದರ ಮೇಲೆಯೇ ಕೂರಬೇಕು, ಇಲ್ಲದಿದ್ದರೆ ಬಾಯಿ ತಿರುಗಿ ಪೋರ್ಟಿಗೆ ಸಿಗುತ್ತದೆ. ತಲೆ ಮೇಲಿನ ಬಾಣ ಸೈಲೆನ್ಸರ್ ಕಡೆಗೆ. ಪಿನ್ನಿನ ಸರ್ಕ್ಲಿಪ್ ಯಾವಾಗಲೂ ಹೊಸದು, ಅದರ ಬಾಯಿ ನೇರ ಮೇಲಕ್ಕೋ ಕೆಳಕ್ಕೋ ಇರಲಿ. ಸರ್ಕ್ಲಿಪ್ ಹಾಕುವಾಗ ಕ್ರ್ಯಾಂಕ್‌ಕೇಸ್ ಬಾಯಿಗೆ ಬಟ್ಟೆ ತುರುಕಿ. ಕೈ ಜಾರಿದರೆ ಅದು ನೇರ ಕೆಳಗೇ ಹಾರುವುದು. ಎಲ್ಲ ಪ್ಯಾಕಿಂಗ್ ಹೊಸದು, ಕ್ರ್ಯಾಂಕ್ ಸೀಲ್ ಹೊಸದು. ಹೆಡ್ ಬೋಲ್ಟ್ ನಡುವಿನಿಂದ ಹೊರಗೆ, ಅಡ್ಡಡ್ಡ, ಎರಡು ಮೂರು ಹಂತದಲ್ಲಿ ಟಾರ್ಕ್ ರೆಂಚಿನಿಂದ. ಜೋಡಿಸಿದ ಮೇಲೆ ಆ ಗಾಳಿ ಪರೀಕ್ಷೆ ಮತ್ತೊಮ್ಮೆ ಮಾಡಿ, ಗುಳ್ಳೆ ಬರದಿದ್ದರೆ ಮಾತ್ರ ಕಳಿಸಿ.

ಮೊದಲ ಸ್ಟಾರ್ಟ್

ದಂಡೆಯ ಮೇಲೆ ಪೈಪ್ ಹಚ್ಚಿ ಸ್ಟಾರ್ಟ್ ಮಾಡುವಾಗ ಕ್ರಮ ತಪ್ಪಬಾರದು. ಮೊದಲು ಎಂಜಿನ್ ಸ್ಟಾರ್ಟ್, ಆಮೇಲೆ ನೀರು. ನಿಲ್ಲಿಸುವಾಗ ಮೊದಲು ನೀರು ಬಂದ್, ಆಮೇಲೆ ಎಂಜಿನ್. ಎಂಜಿನ್ ನಿಂತಿರುವಾಗ ನೀರು ಬಿಟ್ಟರೆ ಹೊರಗೆ ತಳ್ಳಲು ಗ್ಯಾಸ್ ಇಲ್ಲದೆ ನೀರು ಸೈಲೆನ್ಸರ್ ತುಂಬಿ ಸಿಲಿಂಡರ್‌ಗೆ ಇಳಿಯುತ್ತದೆ. ಹೊಸ ಪಿಸ್ಟನ್ ಹಾಕಿಸಿದ ದಿನವೇ ಹೀಗೆ ಮಾಡಿಕೊಂಡವರಿದ್ದಾರೆ. ನೀರಿಲ್ಲದೆ ಓಡಿಸುವುದಾದರೆ ಕೆಲವೇ ಸೆಕೆಂಡು, ಜಾಸ್ತಿ ಅಲ್ಲ.

ಗಾಡಿಯೇ ಹುಬ್ಬಳ್ಳಿಗೆ ಬಂದಿದ್ದರೆ ಉಣಕಲ್ ಕೆರೆಯಲ್ಲಿ ಟ್ರಯಲ್ ನೋಡೋಣ ಅನ್ನುವ ಆಸೆ ಬರುತ್ತದೆ. ಅನುಮತಿ ಇಲ್ಲದೆ ಇಳಿಸುವ ಹಾಗಿಲ್ಲ ಅನ್ನುವುದು ಒಂದು. ಅಲ್ಲಿ ಆಗಾಗ ಹಬ್ಬುವ ಅಂತರಗಂಗೆ ಪಂಪಿನ ಬಾಯಿಗೆ ಸುತ್ತಿಕೊಂಡರೆ ತಣ್ಣೀರೇ ನಿಲ್ಲುತ್ತದೆ ಅನ್ನುವುದು ಇನ್ನೊಂದು. ಸಮುದ್ರದಲ್ಲೂ ಸೊಂಟದ ಮಟ್ಟ ನೀರು ಬರುವವರೆಗೆ ಥ್ರಾಟಲ್ ಕೊಡಬೇಡಿ. ಕಮ್ಮಿ ನೀರಿನಲ್ಲಿ ಪಂಪ್ ಎಳೆಯುವುದು ಮರಳನ್ನೇ.

ಮೊದಲ ಐದು ನಿಮಿಷ ನಿಧಾನ. ಮೊದಲ ಟ್ಯಾಂಕ್ ಪೂರ್ತಿ ಅರ್ಧ, ಮುಕ್ಕಾಲು ಥ್ರಾಟಲ್ ಒಳಗೆ, ಒಂದೇ ಸ್ಪೀಡಿನಲ್ಲಿ ನಿಲ್ಲಿಸದೆ ಏರಿಸುತ್ತಾ ಇಳಿಸುತ್ತಾ. ಈ ಒಂದು ಟ್ಯಾಂಕ್‌ಗೆ ಮಾತ್ರ ಕಂಪನಿ ಹೇಳಿದ್ದರೆ ಎಣ್ಣೆ ಜಾಸ್ತಿ, ಅದಕ್ಕೆ ತಕ್ಕಂತೆ ಪೆಟ್ರೋಲೂ ಚೂರು ಜಾಸ್ತಿ. ಪಕ್ಕದ ನೀರಿನ ಧಾರೆ ಮೇಲೆ ಕಣ್ಣಿರಲಿ. ಆಮೇಲೆ ಪ್ಲಗ್ ತೆಗೆದು ನೋಡಿ. ಬೆಳ್ಳಗೆ ಒಣಗಿದ್ದರೆ ಅಲ್ಲೇ ನಿಲ್ಲಿಸಿ ಕಾರ್ಬೋರೇಟರ್ ತಿರುಗಿಸಿ, ಕಂದು ಬಣ್ಣಕ್ಕೆ ಬಂದ ಮೇಲೆ ಮುಂದುವರಿಯಿರಿ. ಎರಡನೇ ಟ್ಯಾಂಕ್ ಮುಗಿದ ಮೇಲೆ ಅದೇ ಗೇಜ್, ಅದೇ ದಂಡೆಯಲ್ಲಿ ಕಂಪ್ರೆಷನ್ ನೋಡಿ, ಎರಡೂ ಅಂಕಿಗಳನ್ನು ತಾರೀಖು ಸಮೇತ ಸೀಟಿನ ಕೆಳಗೆ ಮಾರ್ಕರ್‌ನಲ್ಲಿ ಬರೆದಿಡಿ. ರಿಂಗ್ ಕೂತಿದ್ದರೆ ಮೊದಲಿಗಿಂತ ಸ್ವಲ್ಪ ಏರಿರುತ್ತದೆ. ಒಂದು ಸಿಲಿಂಡರ್ ಏರಿ ಇನ್ನೊಂದು ಇಳಿದಿದ್ದರೆ ಮತ್ತೊಂದು ರೌಂಡ್ ಹೋಗಬೇಡಿ, ಹೆಡ್ ಬಿಚ್ಚಿ.